ರೊಟ್ಟಿಯ ತಳದಲ್ಲೊಂದು ರೆಕ್ಕೆ

"ಈ ಸಲ ಆ ಸೊದಿಕ್ ಅಕಾನ ಬಾಯಿ ಮುಚ್ಚಿಸದಿದ್ದರೆ ನನ್ನ ಹೆಸರು ಹಿಕ್ಮತ್ ಅಲ್ಲ!"

ಬೆಳಗಿನ ಚಹಾದ ಬಟ್ಟಲನ್ನು ಮೇಜಿಗೆ ಕುಟ್ಟಿ ಹಿಕ್ಮತ್ ಹೀಗೆ ಘೋಷಿಸಿದಾಗ ಅವನ ಹೆಂಡತಿ ಸಲೋಮತ್ ತಲೆ ಎತ್ತಿಯೂ ನೋಡಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವನ ಹೆಸರು ಹಿಕ್ಮತ್ ಅಲ್ಲವೆಂದು ಅದೆಷ್ಟೋ ಸಲ ಸಾಬೀತಾಗಿತ್ತು. ಆದರೂ ರೇಷನ್ ಚೀಟಿಯಿಂದ ಹಿಡಿದು ಬಾಗಿಲ ಫಲಕದವರೆಗೆ ಅದೇ ಹೆಸರು ಅಂಟಿಕೊಂಡು ಕೂತಿತ್ತು.

ಹಿಕ್ಮತ್ ತಾಷ್ಕೆಂಟಿನಲ್ಲಿ ಲೋಹದ ಹಲ್ಲು ಕಟ್ಟುವವನು. "ಅರ್ಧ ಊರಿನ ಬಾಯಿಗೆ ಹೊಳಪು ಕೊಟ್ಟಿರೋನು ನಾನು" ಎನ್ನುವುದು ಅವನ ಮಾಮೂಲಿ ಜಂಬ. ಸುಳ್ಳೇನಲ್ಲ. ಸಂತೆಯಲ್ಲಿ ಯಾವ ಮುದುಕ ನಕ್ಕರೂ ಇವನು ಆ ಮುದುಕನ ಮುಖ ನೋಡುವುದಿಲ್ಲ, ಹಲ್ಲು ನೋಡಿ ತನಗೆ ತಾನೇ ಶಹಬ್ಬಾಸ್ ಹೇಳಿಕೊಳ್ಳುತ್ತಾನೆ. ಇಂಥವನಿಗೆ ಅಂಟಿದ ಗೀಳೆಂದರೆ ಪ್ಲಾಸ್ಟಿಕ್ಕಿನ ಪುಟ್ಟ ವಿಮಾನ ಜೋಡಿಸಿ, ಅದಕ್ಕೆ ಬಣ್ಣ ಹೊಡೆದು, ಅಪ್ಪಟ ಲೋಹದ್ದೇ ಎಂದು ನೋಡಿದವರನ್ನು ನಂಬಿಸುವುದು. ನೋಡಿದವರೆಲ್ಲ ನಂಬುತ್ತಿದ್ದರು. ಒಬ್ಬರನ್ನು ಬಿಟ್ಟು.

ಆ ಒಬ್ಬರೇ ಊರಿಗೆಲ್ಲ ಅಣ್ಣನಾದ ಸೊದಿಕ್ ಅಕಾ. ಹರೆಯದಲ್ಲಿ ವಿಮಾನದೊಳಗೆ ಮೆಕ್ಯಾನಿಕ್ಕಾಗಿ ಹಾರಿದವರು. ಈಗ ಮಾದರಿ ವಿಮಾನದವರ ಸಂಘದಲ್ಲಿ ಮುಖ್ಯ ತೀರ್ಪುಗಾರರು. ಪೊದೆಯಂಥ ಹುಬ್ಬು, ಜೇಬಿನಲ್ಲಿ ಭೂತಗನ್ನಡಿ, ಬಾಯಲ್ಲಿ ಎಣಿಸಿ ಇಟ್ಟಂಥ ಮಾತು. ಪ್ರತಿ ವಸಂತದ ಪ್ರದರ್ಶನದಲ್ಲೂ ಅವರು ಹಿಕ್ಮತ್‌ನ ಮೇಜಿನ ಮುಂದೆ ನಿಲ್ಲುವುದು, ಕನ್ನಡಿ ತೆಗೆಯುವುದು, ಬಗ್ಗುವುದು. ಆಮೇಲೆ ಅದೇ ತೀರ್ಪು.

"ಬಣ್ಣ ಕಾಣ್ತಿದೆ. ಲೋಹ ಕಾಣ್ತಿಲ್ಲ."

ಅಷ್ಟು ಹೇಳಿ ಮುಂದಿನ ಮೇಜಿಗೆ. ಒಮ್ಮೆ ಹಿಕ್ಮತ್ ತಡೆಯಲಾರದೆ ಅವರ ತೋಳು ಹಿಡಿದು, ಬಿಡಿಸಿ ಹೇಳಿ ಎಂದು ಕೇಳಿದ್ದ. ಬಿಡಿಸಿಯೇ ಹೇಳಿದರು. ಸಾರಿನ ಪಾತ್ರೆಯ ಮುಚ್ಚಳಕ್ಕೆ ರೆಕ್ಕೆ ಕಟ್ಟಿದ ಹಾಗಿದೆಯಂತೆ. ಅಂದಿನಿಂದ ಹಿಕ್ಮತ್‌ನಿಗೆ ಮುಚ್ಚಳ ಕಂಡರೆ ಮೈ ಉರಿಯುತ್ತದೆ. ಮನೆಯಲ್ಲಿ ಮುಚ್ಚಳ ತೆಗೆದು ಬಡಿಸುವ ಕೆಲಸವನ್ನೂ ಅವನು ಬಿಟ್ಟುಬಿಟ್ಟ.

ಈಗ ನೋಡಿ ಗ್ರಹಚಾರ. ಅವನ ಒಬ್ಬಳೇ ಮಗಳು ಮುನಿಸಾ, ಇಷ್ಟು ದೊಡ್ಡ ತಾಷ್ಕೆಂಟಿನಲ್ಲಿ ಬೇರೆ ಯಾರೂ ಸಿಗಲಿಲ್ಲವೆಂಬಂತೆ, ಮೆಚ್ಚಿದ್ದು ಸೊದಿಕ್ ಅಕಾನ ಮಗನನ್ನು! ಹುಡುಗ ಚಿನ್ನದಂಥವನು, ತಕರಾರು ಎತ್ತಲು ಒಂದು ಎಳೆಯೂ ಸಿಗಲಿಲ್ಲ. ಎಳೆ ಹುಡುಕಿ ಹುಡುಕಿ ಸೋತ ಮೇಲೆ ಹಿಕ್ಮತ್ ಒಪ್ಪಿದ. ಮೇ ತಿಂಗಳ ಒಂದು ಭಾನುವಾರ ನಿಶ್ಚಿತಾರ್ಥವೆಂದು ಗೊತ್ತಾಯಿತು. ಮುಚ್ಚಳ ಎಂದವರು ಬೀಗರಾಗುವುದು ಖಾತ್ರಿಯಾಯಿತು.

ಆ ಬೀಗರಿಗೆ ಕೊಡುವ ಉಡುಗೊರೆಯಲ್ಲೇ ಅವರ ಬಾಯಿ ಮುಚ್ಚಿಸಬೇಕು ಎಂಬುದು ಹಿಕ್ಮತ್‌ನ ಮಹಾಸಂಕಲ್ಪ. ಅದಕ್ಕೆ ಅವನು ಆರಿಸಿದ್ದು ಇಲ್ ಹದಿನಾಲ್ಕು ಎಂಬ ಎರಡು ಎಂಜಿನ್ನಿನ ಹಳೆಯ ವಿಮಾನ. ಹಿಂದೆ ಇದೇ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು, ಸೊದಿಕ್ ಅಕಾ ಸ್ವತಃ ಹಾರಿದ್ದು. ಬಣ್ಣವಿಲ್ಲದ ಬರಿಮೈ ಅದರದು. ಉದ್ದಕ್ಕೂ ಬೆಳ್ಳಗೆ ಮಿರುಗುವ ಲೋಹ, ರೆಕ್ಕೆಯ ಮೇಲೆ ಹೊಗೆಕೊಳವೆಯ ಮಸಿಯ ಗೆರೆ. ಇದನ್ನು ಕೈಗಿಟ್ಟರೆ ಮುದುಕ ಅಲ್ಲೇ ಗಳಗಳ ಅಳಬೇಕು ಎಂದು ಹಿಕ್ಮತ್ ಎಣಿಕೆ ಹಾಕಿದ.

ಸಲೋಮತ್ ಹಾಕಿದ್ದು ಒಂದೇ ಷರತ್ತು. ಹೋದ ವರ್ಷ ಅವನು ಬಣ್ಣದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಟ್ಟು, ಬೇಸಿಗೆ ಪೂರ್ತಿ ಕರಬೂಜಕ್ಕೆ ಥಿನ್ನರ್ ವಾಸನೆ ಹಿಡಿದು, ಬಂದ ನೆಂಟರೆಲ್ಲ ಒಂದು ಹೋಳು ತಿಂದು ಹೊಟ್ಟೆ ತುಂಬಿತು ಎಂದಿದ್ದರು. ಅದನ್ನು ಅವಳು ಮರೆತಿರಲಿಲ್ಲ.

"ನೋಡ್ರೀ, ನಾವು ತಿನ್ನೋ ಅನ್ನದ ಹತ್ರ, ನನ್ನ ಒಲೆ ಹತ್ರ ಬಣ್ಣದ ಒಂದು ತೊಟ್ಟು ಕಂಡ್ರೂ ನೀವೂ ನಿಮ್ಮ ವಿಮಾನಾನೂ ಒಟ್ಟಿಗೇ ಹಾರ್ಬೇಕಾಗುತ್ತೆ. ಗೇಟು ದಾಟಿ."

ಹಿಕ್ಮತ್ ಎದೆ ಮುಟ್ಟಿ ಮಾತು ಕೊಟ್ಟ. ಕೊಡುವಾಗ ಅವನ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ, ಪಾಪ.

ಕೆಲಸ ಶುರುವಾಯಿತು. ಪ್ಲಾಸ್ಟಿಕ್ಕು ಲೋಹದಂತೆ ಹೊಳೆಯಬೇಕಾದರೆ ಮೊದಲು ಅದಕ್ಕೆ ಕನ್ನಡಿಯಂಥ ಕಪ್ಪು ಹೊಡೆಯಬೇಕು. ಅದು ಒಣಗಿದ ಮೇಲೆ ಬೆಳ್ಳಿಯನ್ನು ಮಂಜು ಬಿದ್ದ ಹಾಗೆ ತೆಳ್ಳಗೆ, ಪದರದ ಮೇಲೆ ಪದರ ಚಿಮ್ಮಿಸಬೇಕು. ಕಪ್ಪಿನಲ್ಲಿ ಒಂದು ಧೂಳಿನ ಕಣ ಕೂತರೂ ಬೆಳ್ಳಿ ಅದನ್ನು ಊರಿಗೆಲ್ಲ ಸಾರಿ ಹೇಳುತ್ತದೆ. ಇದಾದ ಮೇಲೆ ಆ ಹೊಳಪನ್ನು ಹಳತಾಗಿಸಬೇಕು. ಎಣ್ಣೆಯ ಕಲೆ, ಮಸಿ, ಮಳೆನೀರು ಹರಿದ ಗುರುತು, ತಗಡಿನ ಸಂದುಗಳಲ್ಲಿ ಕೂತ ಕೊಳೆ. ಸಂದುಗಳಿಗೆ ತುಂಬಲು ಹಿಕ್ಮತ್ ಹೆಂಡತಿಯ ಸುರ್ಮಾ ಡಬ್ಬಿಯನ್ನು ಸದ್ದಿಲ್ಲದೆ ಎತ್ತಿದ. ಕಣ್ಣಿಗೆ ಹಚ್ಚುವಷ್ಟು ನುಣುಪಾದ ಕಪ್ಪು ವಿಮಾನದ ಸಂದಿಗೆ ಬಹಳ ಚೆನ್ನಾಗಿ ಕೂರುತ್ತದೆ ಎಂಬುದು ಅವನ ಸ್ವಂತ ಸಂಶೋಧನೆ. ನಿಶ್ಚಿತಾರ್ಥಕ್ಕೆ ಕಣ್ಣಿಗೆ ಹಚ್ಚಿಕೊಳ್ಳಲು ಸುರ್ಮಾ ಹುಡುಕಿ ಹುಡುಕಿ ಸಲೋಮತ್ ಮೂರು ಜನರ ಮೇಲೆ ಅನುಮಾನಪಟ್ಟಳು.

ಈ ಕಲೆಯ ಒಳಮರ್ಮವನ್ನು ಅವನು ಅವಳಿಗೆ ವಿವರಿಸಿಯೂ ನೋಡಿದ. ಸಲೋಮತ್ ಹಿಟ್ಟು ಜರಡಿ ಹಿಡಿಯುತ್ತಲೇ ಪೂರ್ತಿ ಕೇಳಿಸಿಕೊಂಡಳು.

"ಬೆಳ್ಳಗೆ ಕಾಣ್ಲಿ ಅಂತ ಕಪ್ಪು ಬಳೀತೀರಿ. ಹೊಳೀಲಿ ಅಂತ ವಾರಗಟ್ಟಲೆ ಉಜ್ತೀರಿ. ಹೊಳೆದ ಮೇಲೆ ಕೊಳೆ ಹಚ್ತೀರಿ. ಇಷ್ಟಕ್ಕೆ ಅದನ್ನ ಸುಮ್ನೆ ಅಂಗಳದಲ್ಲಿ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?"

ಕಲೆ ಅಂದರೇನು ಎಂದು ಗೊತ್ತಿಲ್ಲದವರ ಜೊತೆ ಮಾತಾಡಬಾರದು ಎಂದು ಹಿಕ್ಮತ್ ಎದ್ದು ಹೋದ.

ಹೋಗಿ ಕಪ್ಪು ಹೊಡೆದ. ಆಗ ಬಂತು ಅರಳೆ.

ಮೇ ತಿಂಗಳಲ್ಲಿ ತಾಷ್ಕೆಂಟಿನಲ್ಲಿ ಬದುಕಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಬೀದಿಯ ಪಾಪ್ಲರ್ ಮರಗಳ ಕಾಯಿಯೆಲ್ಲ ಒಟ್ಟಿಗೆ ಒಡೆದು, ಬಿಳಿಯ ಅರಳೆ ಗಾಳಿಯಲ್ಲಿ ತೇಲುತ್ತ ಚಹಾಕ್ಕೆ, ಮೂಗಿಗೆ, ಮಲಗಿದ ನಾಯಿಯ ಮೈಗೆ, ಎಲ್ಲಕ್ಕೂ ಬಂದು ಕೂರುತ್ತದೆ. ಹಸಿ ಬಣ್ಣವೆಂದರೆ ಅದಕ್ಕೆ ವಿಶೇಷ ಪ್ರೀತಿ. ಹಿಕ್ಮತ್ ಕಿಟಕಿ ಮುಚ್ಚಿದ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ. ಉಸಿರು ಬಿಗಿಹಿಡಿದು ಕೂತ. ಬೆಳಿಗ್ಗೆ ನೋಡಿದರೆ ವಿಮಾನಕ್ಕೆ ಆಗ ತಾನೇ ಮೊಟ್ಟೆಯೊಡೆದ ಮರಿಯ ಹಾಗೆ ತುಪ್ಪಟ ಬಂದಿತ್ತು. ಉಪ್ಪುಕಾಗದ ಹಿಡಿದು ಎಲ್ಲವನ್ನೂ ಉಜ್ಜಿ ತೆಗೆದ, ಮತ್ತೆ ಹೊಡೆದ. ಮತ್ತೆ ತುಪ್ಪಟ. ಬಚ್ಚಲಿನಲ್ಲಿ ಬಿಸಿನೀರಿನ ಹಬೆ ಎಬ್ಬಿಸಿದರೆ ಧೂಳು ನೆಲಕ್ಕಿಳಿಯುತ್ತದೆ ಎಂದು ಯಾರೋ ಹೇಳಿದ್ದರು. ಹಾಗೇ ಮಾಡಿದ. ಧೂಳೇನೋ ಇಳಿಯಿತು, ಜೊತೆಗೆ ಬಣ್ಣವೂ ಇಳಿಯಿತು. ಅಷ್ಟೂ ಹೊತ್ತು ಬಚ್ಚಲಿನ ಬಾಗಿಲು ಬಡಿಯುತ್ತ ನಿಂತಿದ್ದ ಮನೆಯವರ ಶಾಪ ಬೇರೆ.

"ಮರಕ್ಕೂ ನನ್ನ ಮೇಲೇ ಹಗೆಯಾ?" ಎಂದು ಅವನು ಅಂಗಳದಲ್ಲಿ ನಿಂತು ಪಾಪ್ಲರ್ ಮರಗಳನ್ನು ಬೈದ. ಬಾಯಿ ತೆರೆದದ್ದೇ ತಡ, ಅರಳೆ ಒಳಗೆ ಹೋಯಿತು.

ನಿಶ್ಚಿತಾರ್ಥದ ಹಿಂದಿನ ದಿನ ಬಂದೇಬಿಟ್ಟಿತು. ಕಪ್ಪು ಹೇಗೋ ದಡ ಮುಟ್ಟಿತ್ತು. ಬೆಳ್ಳಿಯ ಕೊನೆಯ ಪದರ, ರೆಕ್ಕೆಯ ಮೇಲಿನ ನೀಲಿ ಸಂಖ್ಯೆ, ಸಂದುಗಳಿಗೆ ಸುರ್ಮಾ ಎಲ್ಲವನ್ನೂ ಮಧ್ಯಾಹ್ನ ಮುಗಿಸಿದ. ಹಸಿ ವಿಮಾನವನ್ನು ತಂತಿಯಲ್ಲಿ ಎತ್ತಿ ಹಿಡಿದುಕೊಂಡು, ಗಾಳಿಯೂ ಅರಳೆಯೂ ಇಲ್ಲದ ಜಾಗ ಈ ಲೋಕದಲ್ಲಿ ಎಲ್ಲಾದರೂ ಇದೆಯೇ ಎಂದು ಸುತ್ತ ನೋಡಿದ. ಅಂಗಳದ ಮೂಲೆಯಲ್ಲಿ ಅದು ಇತ್ತು.

ಸಲೋಮತಳ ತಂದೂರು ಒಲೆ.

ಬೆಳಿಗ್ಗೆ ರೊಟ್ಟಿ ಸುಟ್ಟಿದ್ದ ಒಲೆಯಲ್ಲಿ ಕೆಂಡ ಆರಿ ಹದವಾದ ಬಿಸಿ ಮಾತ್ರ ಉಳಿದಿತ್ತು. ಬಾಯಿಗೆ ತಗಡಿನ ಮುಚ್ಚಳ. ಒಳಗೆ ಗಾಳಿ ಇಲ್ಲ, ಧೂಳಿಲ್ಲ, ಅರಳೆ ಇಲ್ಲ. ಹೆಂಡತಿಗೆ ಕೊಟ್ಟ ಮಾತು ಹಿಕ್ಮತ್‌ನ ನೆನಪಿಗೆ ಬರದೇ ಇರಲಿಲ್ಲ. ಆದರೆ ಅವಳು ಹೇಳಿದ್ದು ಬಣ್ಣ ಒಲೆಯ ಹತ್ತಿರ ಬರಬಾರದು ಎಂದಲ್ಲವೇ? ಒಲೆಯ ಒಳಗಿನ ಮಾತೇ ಬಂದಿರಲಿಲ್ಲ ಎಂದು ಅವನು ತನಗೆ ತಾನೇ ವಾದಿಸಿ ತಾನೇ ಗೆದ್ದ. ಒಂದು ಮೊಳದ ರೆಕ್ಕೆ ಒಲೆಯ ಬಾಯಿಗೆ ನೇರವಾಗಿ ಹಿಡಿಸಲಿಲ್ಲ. ಓರೆ ಮಾಡಿ ಒಳಗಿಳಿಸಿ, ತಂತಿಯನ್ನು ಅಡ್ಡಕೋಲಿಗೆ ಸಿಕ್ಕಿಸಿ, ಮೇಲೆ ಮುಚ್ಚಳವಿಟ್ಟು, ನಾಳೆಗೆ ಮುಖ ನೆಟ್ಟಗಿರಲಿ ಎಂದು ಕ್ಷೌರಕ್ಕೆ ಹೊರಟ. ಮುಚ್ಚಳ ಕಂಡರೆ ಉರಿಯುವವನು ಅಂದು ಅದನ್ನು ಪ್ರೀತಿಯಿಂದ ತಟ್ಟಿದ ಕೂಡ.

ಕ್ಷೌರ ಮುಗಿಸಿ ಘಮಘಮಿಸುತ್ತ ಬಂದು ನೋಡುತ್ತಾನೆ, ಬೆಚ್ಚಗಿನ ಮುಚ್ಚಳದ ಮೇಲೆ ಪಕ್ಕದ ಮನೆಯ ಬೆಕ್ಕು ಕಾಲು ಚಾಚಿ ಮಲಗಿದೆ. ಅದು ಹಾರಿದ ರಭಸಕ್ಕೆ ಅಡ್ಡಕೋಲು ಉರುಳಿತ್ತು. ವಿಮಾನ ಒಲೆಯ ಒಳಗೋಡೆಗೆ ಎಡರೆಕ್ಕೆಯನ್ನು ಪೂರ್ತಿ ಒತ್ತಿ, ಒರಗಿ ನಿಂತಿತ್ತು. ಹಿಕ್ಮತ್ ಕೈ ಹಾಕಿ ಎತ್ತಿದ. ಪ್ಲಾಸ್ಟರ್ ಕಿತ್ತ ಹಾಗೆ ಸದ್ದಾಯಿತು. ವಿಮಾನ ಈಚೆ ಬಂತು, ಎಡರೆಕ್ಕೆಯ ಬೆಳ್ಳಿ ಗೋಡೆಯಲ್ಲೇ ಉಳಿಯಿತು. ಸಂಖ್ಯೆಯ ಸಮೇತ.

ಒರೆಸೋಣವೆಂದು ಬಟ್ಟೆ ಹಿಡಿದು ಒಲೆಯೊಳಗೆ ಭುಜದವರೆಗೆ ತೂರಿದ, ಎಟುಕಲಿಲ್ಲ. ತಲೆಯನ್ನೂ ತೂರಿದ. ಅಷ್ಟರಲ್ಲಿ ಹಿಂದೆ ಸೌದೆ ಬಿದ್ದ ಸದ್ದು ಕೇಳಿತು. ನಿಶ್ಚಿತಾರ್ಥದ ರೊಟ್ಟಿ ಸುಡಲು ಸಲೋಮತ್ ಬಂದಿದ್ದಳು. ವಿಮಾನ ಅವನ ಅಂಗಿಯೊಳಗೆ ಹೋಯಿತು.

"ಈಗ ತಾನೇ ಕ್ಷೌರ ಮಾಡಿಸ್ಕೊಂಡು ಬಂದು ಒಲೆಯೊಳಗೆ ಯಾಕೆ ತಲೆ ಹಾಕಿದೀರಿ?"

"ಒಲೆ ಚೆನ್ನಾಗಿ ಕಾದಿದೆಯಾ ಅಂತ ನೋಡ್ತಿದ್ದೆ."

"ಇನ್ನೂ ಹೊತ್ತಿಸೇ ಇಲ್ಲ."

"ಅದಕ್ಕೇ ಕಾದಿಲ್ಲ" ಎಂದು ಹಿಕ್ಮತ್ ಗಂಭೀರವಾಗಿ ನುಡಿದು, ಹೊಟ್ಟೆ ಹಿಡಿದುಕೊಂಡು ಒಳಗೆ ನಡೆದ.

ಆಗಲೇ ನಿಜ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ಸಲೋಮತಳನ್ನು ನೋಡಿಲ್ಲ. ಅವಳ ತವರಿನ ಪದ್ಧತಿಯ ಪ್ರಕಾರ ನಿಶ್ಚಿತಾರ್ಥದಲ್ಲಿ ಹೆಣ್ಣಿನ ಮನೆಯ ದೊಡ್ಡ ರೊಟ್ಟಿಯನ್ನು ಗಂಡಿನ ತಂದೆ ಎಲ್ಲರೆದುರು ಮುರಿಯಬೇಕು. ಅರ್ಧ ಆ ಮನೆಗೆ, ಅರ್ಧ ಈ ಮನೆಗೆ. ಎರಡನ್ನೂ ಬಟ್ಟೆಯಲ್ಲಿ ಕಟ್ಟಿ ಜೋಪಾನ ಮಾಡಬೇಕು. ಆ ರೊಟ್ಟಿ ಮುರಿದರೆ ಮಾತು ಕಾಯಂ. ಅದರಲ್ಲಿ ಒಂದು ಕುಂದು ಕಂಡರೆ ಅವಳ ಅಜ್ಜಿಯ ಕಾಲದಿಂದ ಬಂದ ಮಾನ ಬೀದಿಪಾಲು. ಹಿಟ್ಟು ಆಗಲೇ ಹುಳಿ ಬಂದು ಉಬ್ಬಿ ಕೂತಿತ್ತು. ಬೆಂಕಿಗೆ ಎಲ್ಲ ಸುಟ್ಟುಹೋಗುತ್ತದೆ ಬಿಡು ಎಂದು ಹಿಕ್ಮತ್ ಧೈರ್ಯ ತಂದುಕೊಂಡ.

ಬೆಂಕಿಗೆ ಬಣ್ಣದ ಅಂಟು ಸುಟ್ಟಿತು, ನಿಜ. ಅದರೊಳಗಿನ ಲೋಹದ ಪುಡಿ ಸುಡಲಿಲ್ಲ. ಇಷ್ಟು ವರ್ಷ ಲೋಹ ಕಾಯಿಸಿ ಹಲ್ಲು ಮಾಡಿದವನಿಗೆ ಇದು ಹೊಳೆಯಬೇಕಿತ್ತೋ ಬೇಡವೋ ನೀವೇ ಹೇಳಿ. ಸಲೋಮತ್ ಭುಜದವರೆಗೆ ದಪ್ಪ ಕೈಗವಸು ಹಾಕಿ, ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ, ಮುಳ್ಳಿನ ಅಚ್ಚು ಒತ್ತಿ ಕರಿಜೀರಿಗೆ ಉದುರಿಸಿದ ಆ ದೊಡ್ಡ ರೊಟ್ಟಿಯನ್ನು ಗೋಡೆಗೆ ಬಡಿದಳು. ಸರಿಯಾಗಿ ಅದೇ ಜಾಗಕ್ಕೆ.

ರೊಟ್ಟಿ ಹೊರಬಂದಾಗ ಮೇಲ್ಭಾಗ ಕೆಂಪಗೆ ಚಿನ್ನದಂತಿತ್ತು. ನೆರೆಯವರೆಲ್ಲ ಬಂದು ಹೊಗಳಿ ಹೋದರು. ಒಳಗೆ ಒಯ್ದಿಡುತ್ತೇನೆ ಎಂದು ಹಿಕ್ಮತ್ ತಾನೇ ಎತ್ತಿಕೊಂಡ. ಬೆರಳಿಗೆ ತಳದಲ್ಲೇನೋ ನುಣುಪು ತಗುಲಿತು. ರೊಟ್ಟಿಯನ್ನು ಬೋರಲು ಹಾಕುವುದು ಆ ಊರಲ್ಲಿ ಮಹಾಪಾಪ, ಹಸುಗೂಸು ಕೂಡ ಮಾಡುವುದಿಲ್ಲ. ಅದಕ್ಕೇ ಅವನು ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಕೆಳಗಿನಿಂದ ನೋಡಿದ. ರೊಟ್ಟಿಯ ತಳದಲ್ಲಿ ಇಡೀ ರೆಕ್ಕೆ ಅಚ್ಚೊತ್ತಿತ್ತು. ತಗಡಿನ ಸಂದುಗಳು, ಮೊಳೆಯ ಸಾಲು, ಸಂಖ್ಯೆ. ಗೋಡೆಯಲ್ಲಿ ಉಲ್ಟಾ ಆದದ್ದು ರೊಟ್ಟಿಯಲ್ಲಿ ಮತ್ತೆ ನೆಟ್ಟಗಾಗಿ ಚೆನ್ನಾಗಿ ಓದಲು ಬರುತ್ತಿತ್ತು!

ಎಸೆಯುವಂತಿಲ್ಲ, ರೊಟ್ಟಿ ಎಸೆದವನಿಗೆ ನರಕ. ನೆರೆಮನೆಯ ಹಸುವಿಗೆ ಹಾಕೋಣವೆಂದು ಕಂಕುಳಲ್ಲಿಟ್ಟು ಹೊರಟ. ಗೇಟಿನಲ್ಲೇ ಸಲೋಮತ್ ಸಿಕ್ಕಿ, ನಿಶ್ಚಿತಾರ್ಥದ ರೊಟ್ಟಿಗೆ ಊರು ತೋರಿಸಿಕೊಂಡು ಬರಲು ಹೊರಟಿದ್ದೀರಾ ಎಂದು ಕೇಳಿದಳು. ವಾಪಸು ಬಂದ. ಉಳಿದದ್ದು ಒಂದೇ ದಾರಿ. ಕಟ್ಟಿದ ಹಲ್ಲನ್ನು ಉಜ್ಜಿ ನಯಮಾಡುವ ಯಂತ್ರ ಮನೆಯ ಹಿಂದಿನ ಕೋಣೆಯಲ್ಲಿತ್ತು, ತುದಿಗೆ ಬಟ್ಟೆಯ ಚಕ್ರ. ಅದರಲ್ಲಿ ಉಜ್ಜಿ ತೆಗೆದುಬಿಟ್ಟರಾಯಿತು. ರೊಟ್ಟಿ ಬೋರಲಾಗುವಂತಿಲ್ಲವಲ್ಲ, ಆದ್ದರಿಂದ ಎರಡು ಸ್ಟೂಲಿನ ನಡುವೆ ರೊಟ್ಟಿಯನ್ನಿಟ್ಟು, ಅದರ ಕೆಳಗೆ ಕಾರು ರಿಪೇರಿಯವನ ಹಾಗೆ ತಾನೇ ಅಂಗಾತ ಮಲಗಿದ.

ಉಜ್ಜಿದ. ಲೋಹದ ಪುಡಿಯನ್ನು ಬಟ್ಟೆಯ ಚಕ್ರದಿಂದ ಉಜ್ಜಿದರೆ ಏನಾಗುತ್ತದೆ? ಜೀವಮಾನವೆಲ್ಲ ಅದನ್ನೇ ಮಾಡಿ ಹೊಟ್ಟೆ ಹೊರೆದವನು ಅವನು. ಹೊಳೆಯುತ್ತದೆ. ಉಜ್ಜಿದಷ್ಟೂ ಹೊಳೆಯಿತು. ಗಾಬರಿಯಾಗಿ ಇನ್ನಷ್ಟು ಉಜ್ಜಿದ, ರೊಟ್ಟಿಯ ತಳದಲ್ಲಿ ಅವನ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು.

ಸದ್ದು ಕೇಳಿ ಮುನಿಸಾ ಬಂದು ಬಾಗಿಲಲ್ಲಿ ನಿಂತಳು. ನೆಲದ ಮೇಲೆ ಅಪ್ಪ, ಅಪ್ಪನ ಮೇಲೆ ರೊಟ್ಟಿ.

"ಏನ್ ಮಾಡ್ತಿದೀರಪ್ಪ?"

"ಏನಿಲ್ಲಮ್ಮ. ರೊಟ್ಟಿ ಸ್ವಲ್ಪ ರಿಪೇರಿ."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ನಾಳೆ ಒಂದು ದಿನ ಸುಮ್ನಿದ್ದುಬಿಡಿ ಅಪ್ಪ" ಎಂದಳು. "ಅವರು ಏನಂದ್ರೂ ಸರಿ, ಎದುರು ಮಾತಾಡ್ಬೇಡಿ. ನಂಗೆ ಆ ಮನೆ ಬೇಕು."

ಆ ಮಾತು ಹಿಕ್ಮತ್‌ನ ಎದೆಗೆ ನಾಟಿತು. ವಿಮಾನ ಹಾಳಾಗಲಿ, ಸಂಘ ಹಾಳಾಗಲಿ, ಈ ಮಗುವಿನ ಮಾತು ಮುರಿಯದಿದ್ದರೆ ಸಾಕು ದೇವರೇ ಎಂದು ಅವನು ಮಲಗಿದಲ್ಲೇ ಬೇಡಿಕೊಂಡ. ಆಮೇಲೆ ಎದ್ದು ವಿಮಾನದ ಎಡರೆಕ್ಕೆಗೆ ಅವಸರದಲ್ಲಿ ಬೆಳ್ಳಿ ಹೊಡೆದ. ಕಾದು ಕೂತಿದ್ದ ಅರಳೆ ಬಂದು ಕೂತಿತು. ಅದರ ಮೇಲೆ ಮಸಿ ಬಳಿದ. ಈಗ ಮಸಿ ಹತ್ತಿದ ಅರಳೆಯಾಯಿತು.

ಭಾನುವಾರ ಬೀಗರು ಬಂದರು. ಸೊದಿಕ್ ಅಕಾ, ಅವರ ಹೆಂಡತಿ ಮಾವ್ಜುದಾ, ನೆಂಟರಿಷ್ಟರು. ಚಹಾ ಆಯಿತು, ಒಣಹಣ್ಣು ಆಯಿತು, ಪಲಾವಿನ ಘಮ ಅಂಗಳವೆಲ್ಲ ತುಂಬಿತು. ಹಿಕ್ಮತ್ ಎರಡೂ ಕೈಯಲ್ಲಿ ವಿಮಾನ ಒಪ್ಪಿಸಿದ. ಸೊದಿಕ್ ಅಕಾ ಜೇಬಿನಿಂದ ಕನ್ನಡಿ ತೆಗೆದರು. ಮೂಗಿನಿಂದ ಬಾಲದವರೆಗೆ ನೋಡಿದರು. ಎಡರೆಕ್ಕೆಯ ಹತ್ತಿರ ಬಂದಾಗ ಕನ್ನಡಿ ನಿಂತಿತು.

"ಕೂದಲು ಬಂದಿದೆ" ಎಂದರು.

ಹಿಕ್ಮತ್ ಬಾಯಿ ತೆರೆದ. ಬಾಗಿಲ ಸಂದಿಯಲ್ಲಿ ಮಗಳ ಮುಖ ಕಂಡಿತು. ಬಾಯಿ ಮುಚ್ಚಿದ. ಉಳಿದದ್ದನ್ನು ಸೊದಿಕ್ ಅಕಾ ಹೇಳಲೂ ಇಲ್ಲ, ವಿಮಾನವನ್ನು ದ್ರಾಕ್ಷಿ ತಟ್ಟೆಯ ಪಕ್ಕಕ್ಕೆ ಸರಿಸಿದರು. ಬೀಗರ ಮನೆಯಲ್ಲಿ ತೀರ್ಪು ಕೊಡಬಾರದೆಂಬ ಅವರ ಸೌಜನ್ಯ ಹಿಕ್ಮತ್‌ನನ್ನು ತೀರ್ಪಿಗಿಂತ ಹೆಚ್ಚು ಉರಿಸಿತು.

ರೊಟ್ಟಿ ಬಂತು. ಕಸೂತಿ ಬಟ್ಟೆಯ ಮೇಲೆ ರಾಜನಂತೆ ಕೂತು ಬಂತು. ಹಿಕ್ಮತ್ ಎದ್ದು ನಿಂತ. ಇಷ್ಟು ಚಂದದ ರೊಟ್ಟಿ ಮುರಿಯಲು ಮನಸ್ಸು ಬರುವುದಿಲ್ಲ, ಬೇರೆ ಚಿಕ್ಕದೊಂದು ಮುರಿಯೋಣವೇ ಎಂದು ತೊದಲಿದ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಯ ಅಪ್ಪನಿಗೆ ಮನಸ್ಸಿಲ್ಲವೇ ಎಂದು ಮಾವ್ಜುದಾ ಮೆಲ್ಲಗೆ ಕೇಳಿದರು. ಸಲೋಮತ್ ಗಂಡನ ಕಡೆಗೆ ಒಂದು ನೋಟ ಬೀರಿದಳು. ಅವನು ಕೂತ.

ಸೊದಿಕ್ ಅಕಾ ಬಿಸ್ಮಿಲ್ಲಾ ಎಂದು ರೊಟ್ಟಿಯನ್ನು ಎರಡೂ ಕೈಗೆ ತೆಗೆದುಕೊಂಡರು. ಬೆರಳು ತಳಕ್ಕೆ ತಗುಲಿತು. ಪೊದೆಹುಬ್ಬು ಮೇಲೆ ಹೋಯಿತು. ಬೆರಳು ಅತ್ತಿತ್ತ ಸರಿಯಿತು, ಹುಬ್ಬು ಇನ್ನೂ ಮೇಲೆ ಹೋಯಿತು. ಆಮೇಲೆ ಅವರು ರೊಟ್ಟಿಯನ್ನು ನಿಧಾನವಾಗಿ ತಲೆಯ ಮೇಲಕ್ಕೆತ್ತಿದರು. ಅನ್ನಕ್ಕೆ ಎಂಥ ಗೌರವ ಎಂದು ಮೆಚ್ಚಿ ನೆಂಟರೆಲ್ಲ ಕೈ ಎತ್ತಿ ಆಮೀನ್ ಹೇಳಿದರು. ಸೊದಿಕ್ ಅಕಾ ಕತ್ತು ಹಿಂದಕ್ಕೆ ಬಾಗಿಸಿ, ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಭೂತಗನ್ನಡಿ ತೆಗೆದರು. ಆಮೀನ್ ಅರ್ಧಕ್ಕೇ ನಿಂತಿತು.

ಮದುವೆ ಹೋಯಿತು, ಮಗಳು ಹೋದಳು, ಹೆಂಡತಿ ಗೇಟು ತೋರಿಸುತ್ತಾಳೆ, ಮುಗಿಯಿತು ಎಂದು ಹಿಕ್ಮತ್ ಕಣ್ಣು ಮುಚ್ಚಿದ. ಅಂಗಳದಲ್ಲಿ ಪಲಾವು ಕುದಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಲೋಹ" ಎಂದರು ಸೊದಿಕ್ ಅಕಾ.

ಹಿಕ್ಮತ್ ಒಂದು ಕಣ್ಣು ತೆರೆದ. ಮುದುಕರ ಕಣ್ಣಲ್ಲಿ ನೀರಿತ್ತು. ಅವನು ಎಣಿಸಿದ್ದಂತೆಯೇ. ನೀರು ತರಿಸಬೇಕಾಗಿದ್ದ ವಿಮಾನ ದ್ರಾಕ್ಷಿ ತಟ್ಟೆಯ ಪಕ್ಕ ಅಂಗಾತ ಬಿದ್ದಿತ್ತು.

"ಒಂದು ಧೂಳಿನ ಕಣ ಇಲ್ಲ. ಸಂದಿಯಲ್ಲಿ ಎಷ್ಟು ಬೇಕೋ ಅಷ್ಟೇ ಮಸಿ. ಬಿಸಿಲಲ್ಲಿ ನಿಂತು ನಿಂತು ಸವೆದ ತಗಡು ಹೀಗೇ ಇರ್ತಿತ್ತು, ನಾನು ಇದರ ಮೇಲೆ ಹತ್ತಿ ಓಡಾಡಿದೀನಿ." ಅವರು ಜೀವಮಾನದಲ್ಲಿ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹಿಕ್ಮತ್‌ನ ಕಡೆ ತಿರುಗಿದರು. "ಬೀಗರೇ, ರೊಟ್ಟಿ ಮೇಲೆ ಇಷ್ಟು ಚೆನ್ನಾಗಿ ಕೂತಿರೋ ಬಣ್ಣ ವಿಮಾನದ ಮೇಲೆ ಯಾಕೆ ಕೂರ್ಲಿಲ್ಲ?" ಆಮೇಲೆ ಸುತ್ತ ನೋಡಿ ಕೇಳಿದರು. "ಇದು ಯಾರ ಕೈಕೆಲಸ?"

ಹಿಕ್ಮತ್ ಎಷ್ಟು ವರ್ಷದಿಂದ ಕಾದಿದ್ದ ಪ್ರಶ್ನೆ! ನಂದು ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ನಂದು ಎಂದರೆ ಹಸಿ ಬಣ್ಣದ ವಿಮಾನವನ್ನು ಅನ್ನದ ಒಲೆಯೊಳಗೆ ಇಳಿಬಿಟ್ಟವನೂ ನಾನೇ ಎಂದಾಗುತ್ತದೆ. ಎದುರಿಗೆ ಸೊದಿಕ್ ಅಕಾ, ಪಕ್ಕದಲ್ಲಿ ಸಲೋಮತ್. ಅವನು ಎರಡೂ ಕಡೆ ನೋಡಿದ. ಎಂಜಲು ನುಂಗಿದ. ಎರಡಕ್ಷರವೂ ಅದರ ಜೊತೆಗೇ ಇಳಿದುಹೋಯಿತು.

"ನಂದೇ ಅಣ್ಣ" ಎಂದಳು ಸಲೋಮತ್, ತಲೆವಸ್ತ್ರ ಸರಿಮಾಡಿಕೊಳ್ಳುತ್ತ. "ಏನೂ ಹೆಚ್ಚಿನದಲ್ಲ. ಒಲೆ ಹದ ಗೊತ್ತಿದ್ರೆ ಎಲ್ಲ ತಾನಾಗೇ ಬರುತ್ತೆ."

ಸೊದಿಕ್ ಅಕಾ ಎದೆಯ ಮೇಲೆ ಕೈಯಿಟ್ಟು ಅವಳಿಗೆ ಬಾಗಿದರು. ಗಂಡನಿಗೂ ಸ್ವಲ್ಪ ಕಲಿಸಿಕೊಡಿ, ತಂಗಿ ಎಂದು ಕೇಳಿಕೊಂಡರು. ಸಮಯ ಸಿಕ್ಕರೆ ನೋಡೋಣ ಎಂದಳು. ರೊಟ್ಟಿಯನ್ನು ತಗಡಿನ ಸಂದಿಗುಂಟ ಎಚ್ಚರದಿಂದ ಮುರಿದು, ಸಂಖ್ಯೆ ಇದ್ದ ಅರ್ಧವನ್ನು ತಾವೇ ಇಟ್ಟುಕೊಂಡು, ಸೊದಿಕ್ ಅಕಾ ಮಾತು ಕಾಯಂ ಎಂದರು. ಬಾಗಿಲ ಹಿಂದೆ ಮುನಿಸಾ ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಎರಡೂ ಕೇಳಿಸಿತು.

ಬೀಗರು ಹೋದ ಮೇಲೆ ಸಲೋಮತ್ ಗಂಡನ ಮುಂದೆ ಒಂದು ಸುಟ್ಟ ತಂತಿಯನ್ನು ಇಟ್ಟಳು. ಬೆಳಿಗ್ಗೆ ಬೂದಿ ತೆಗೆಯುವಾಗ ಒಲೆಯ ತಳದಲ್ಲಿ ಸಿಕ್ಕಿತ್ತಂತೆ. ಸಿಕ್ಕಿದ ತಕ್ಷಣ ಅವಳೂ ಹೋಗಿ ರೊಟ್ಟಿಯನ್ನು ತಲೆಯ ಮೇಲೆತ್ತಿ ನೋಡಿದ್ದಳಂತೆ. ಇನ್ನೊಂದು ಸುಡಲು ಹಿಟ್ಟೂ ಇರಲಿಲ್ಲ, ಹೊತ್ತೂ ಇರಲಿಲ್ಲ.

"ಗೊತ್ತಿದ್ದೂ ನಂದೇ ಅಂದ್ಯಲ್ಲೇ" ಎಂದು ಹಿಕ್ಮತ್ ನರಳಿದ.

"ಮತ್ತಿನ್ನೇನು? ಒಲೆ ನಂದು, ರೊಟ್ಟಿ ನಂದು, ಸಂದಿಯಲ್ಲಿದ್ದ ಸುರ್ಮಾನೂ ನಂದು. ನಿಮ್ಮದು ಅಂತ ಹೇಳೋಕೆ ನಿಮಗೂ ಬಾಯಿತ್ತು. ನಾನೇನು ಮುಚ್ಚಳ ಹಾಕಿದ್ನಾ?"

ಮುಚ್ಚಳದ ಮಾತು ಬಂದ ಮೇಲೆ ಅವನು ತಂತಿ ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದ.

ಮದುವೆ ಚೆನ್ನಾಗಿ ಆಯಿತು. ಮುಂದಿನ ವಸಂತಕ್ಕೆ ಸಂಘದ ಪ್ರದರ್ಶನ ಬಂತು. ನಡುಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ, ಎತ್ತರದ ಕಾಲಿನ ಮೇಲೆ, ತಳ ಕಾಣುವಂತೆ ಕೆಳಗೊಂದು ಕನ್ನಡಿಯಿಟ್ಟು ಅರ್ಧ ರೊಟ್ಟಿಯನ್ನು ಇಟ್ಟಿದ್ದರು. ಅದರ ಮುಂದೆ ಜನವೋ ಜನ. ಹಿಕ್ಮತ್‌ನ ಹೊಸ ವಿಮಾನ ಮೂಲೆಯ ಮೇಜಿನಲ್ಲಿತ್ತು. ಚಳಿಗಾಲದಲ್ಲೇ, ಅರಳೆಯ ಕಾಟವಿಲ್ಲದೆ, ತಿಂಗಳುಗಟ್ಟಲೆ ಉಜ್ಜಿ ಮಾಡಿದ್ದು. ಸೊದಿಕ್ ಅಕಾ ಬಂದರು, ಮೇಜಿನ ಮುಂದೆ ನಿಂತರು, ಜೇಬಿನಿಂದ ಭೂತಗನ್ನಡಿ ತೆಗೆದರು. ಅವರು ಬಗ್ಗಲಿಲ್ಲ. ಈ ವರ್ಷದಿಂದ ಲೋಹದ ವಿಭಾಗಕ್ಕೆ ಬೇರೆ ತೀರ್ಪುಗಾರರು ಎಂದು ಹೇಳಿ, ಕನ್ನಡಿಯನ್ನು ಹಿಂದೆ ನಿಂತಿದ್ದ ಸಲೋಮತಳ ಕೈಗೆ ಕೊಟ್ಟರು.

ಸಲೋಮತ್ ಬಗ್ಗಿದಳು. ಮೂಗಿನಿಂದ ಬಾಲದವರೆಗೆ ನಿಧಾನವಾಗಿ ನೋಡಿದಳು. ಕನ್ನಡಿ ಕೆಳಗಿಳಿಸಿದಳು.

"ಬಣ್ಣ ಕಾಣ್ತಿದೆ" ಎಂದಳು. "ಲೋಹ ಕಾಣ್ತಿಲ್ಲ."